ಬಣ್ಣ ಹೋದ ಮೇಲೆ ನಾನು ಎರೆದ ಕೂಸು

ಕೆಂಡದ ಶೆಗಡಿಯ ಮುಂದೆ ಎಚ್ಚರ ತಪ್ಪಿ ಬಿದ್ದಾಗ ನನಗೆ ನಲವತ್ತಾರು ವರ್ಷ. ಈಗ ಎಂಬತ್ತೊಂದು. ಈ ಮೂವತ್ತೈದು ವರ್ಷದಲ್ಲಿ ನನಗೆ ಒಂದು ಬಣ್ಣವೂ ಕಂಡಿಲ್ಲ. ಕಣ್ಣು ಹೋಗಿಲ್ಲ. ಸೂಜಿಗೆ ದಾರ ಪೋಣಿಸುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಬಣ್ಣ ಮಾತ್ರ ಇಲ್ಲ.

ಅಕಿವಾಟದ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆ ಕಲಿತವಳು ನಾನು. ಬರೆದು ರೂಢಿಯಿಲ್ಲ. ಹೋದ ತಿಂಗಳು ನಮ್ಮ ಓಣಿಯ ಒಬ್ಬ ಹೆಣ್ಣುಮಗಳಿಗೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಇದೇ ಆಯಿತು. ಮನೆಯವರು ನಾಟಕ ಮಾಡುತ್ತಾಳೆ ಅಂದರಂತೆ. ನನ್ನ ಹತ್ತಿರ ಬಂದು ಅತ್ತಳು. ಅತ್ತರೆ ಏನೂ ಆಗುವುದಿಲ್ಲ, ಹೋಗಿ ರೊಟ್ಟಿ ಬಡಿ ಎಂದು ಕಳಿಸಿದೆ. ಆಮೇಲೆ ಅನ್ನಿಸಿತು, ನನಗೆ ಆದದ್ದನ್ನಾದರೂ ಹೇಳಬೇಕಿತ್ತು ಎಂದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಇಚಲಕರಂಜಿಯಲ್ಲಿದ್ದೆವು. ನಮ್ಮ ಮನೆಯವರು ಮಗ್ಗದ ಕಾರಖಾನೆಗೆ ಹೋಗುತ್ತಿದ್ದರು. ನಾನು ಬಾಣಂತನ ಮಾಡುತ್ತಿದ್ದೆ. ಹೆರಿಗೆ ಮಾಡಿಸುವುದಲ್ಲ. ಹೆತ್ತು ಮನೆಗೆ ಬಂದ ಮೇಲೆ ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು, ಬಾಣಂತಿಗೆ ಎರೆದು ಹೊರಸಿನ ಮೇಲೆ ಮಲಗಿಸಿ, ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟು ಮೈ ಕಾಸುವುದು. ಕೈ ಯಾರಿಗಾದರೂ ಇರುತ್ತದೆ. ನನ್ನನ್ನು ಕರೆಯುತ್ತಿದ್ದದ್ದು ಕಣ್ಣಿಗೆ. ಕೂಸನ್ನು ಕೈಗೆ ಕೊಟ್ಟ ಕೂಡಲೇ ಬಾಗಿಲ ಬೆಳಕಿಗೆ ಒಯ್ದು ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಡುತ್ತಿದ್ದೆ. ಒತ್ತಿದ ಜಾಗದಲ್ಲಿ ಹಳದಿ ಕಂಡರೆ ಕಾಮಣಿ, ಅಂದರೆ ಕಾಮಾಲೆ. ಅದೇ ಗಳಿಗೆಗೆ ದವಾಖಾನೆಗೆ ಕಳಿಸುತ್ತಿದ್ದೆ. ಬೇರೆಯವರು ಮೊದಲ ದಿನವೇ ಅರಿಶಿಣ ಕಲಸಿದ ಹಿಟ್ಟು ಹಚ್ಚಿ ತಿಕ್ಕುತ್ತಿದ್ದರು. ನಾನು ಏಳು ದಿನ ಕೂಸಿನ ಮೈಗೆ ಅರಿಶಿಣ ಮುಟ್ಟಿಸುತ್ತಿರಲಿಲ್ಲ. ಅರಿಶಿಣದ ಕೆಳಗೆ ಕಾಮಣಿ ಅಡಗುತ್ತದೆ.

ಆಷಾಢದ ಮಳೆ ಹಿಡಿದಿತ್ತು. ಮಗ್ಗದ ಮಾಲೀಕರ ಮನೆಯ ಸೊಸೆ ಮರುದಿನ ಕೂಸನ್ನು ಎತ್ತಿಕೊಂಡು ದವಾಖಾನೆಯಿಂದ ಬರುವವಳಿದ್ದಳು. ಬಾಣಂತಿ ಕೋಣೆಯ ಗೋಡೆಯಲ್ಲಿ ನೀರು ಬಸಿಯುತ್ತಿತ್ತು. ಒಣಗಿಸಿ ಕೊಡಿ ಎಂದು ನನ್ನನ್ನು ಕರೆದರು. ಇದ್ದಿಲು ತೊಯ್ದಿತ್ತು. ಆಕೆಯ ಮೈದುನ ಶಿರೋಳಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಕಾರಖಾನೆಯಲ್ಲಿದ್ದ. ಅಲ್ಲಿಯ ಭಟ್ಟಿಗೆ ಹಾಕುವ ಕೋಕ್ ಎಂಬ ಸುಟ್ಟ ಕಲ್ಲಿದ್ದಲು ಒಂದು ಚೀಲ ತಂದಿಟ್ಟಿದ್ದ.

"ಮಾವಶಿ, ಇದನ್ನ ಹಾಕ್ರಿ. ಒಂದ ಎಳಿ ಹೊಗಿ ಬರಂಗಿಲ್ಲ," ಅಂದ.

"ಹೊಗಿ ಇಲ್ಲದ ಬೆಂಕಿ ಎಲ್ಲೈತೋ?"

"ನಮ್ಮ ಭಟ್ಟಿ ನೋಡಾಕ ಬರ್ರಿ, ತೋರಸ್ತೇನಿ."

ಹೌದು, ಹೊಗೆ ಬರಲಿಲ್ಲ. ಇಪ್ಪತ್ತು ವರ್ಷ ಆ ಕೆಲಸ ಮಾಡಿದ ನನಗೆ ಒಂದೇ ಲೆಕ್ಕ ಗೊತ್ತಿತ್ತು: ಹೊಗೆ ಇದ್ದರೆ ಕಿಟಕಿ ತೆಗೆ, ಇಲ್ಲದಿದ್ದರೆ ಮುಚ್ಚು. ನಾಳೆ ಬರುವ ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಯ ಸಂದಿಗೆ ಹಳೆ ಕೌದಿ ತುರುಕಿ, ಬಾಗಿಲು ಎಳೆದುಕೊಂಡು ಕೂತೆ. ಸೋಮವಾರ, ಉಪವಾಸ. ತಲೆ ನೋಯಿತು, ಹಸಿವು ಅಂದುಕೊಂಡೆ. ಸ್ವಲ್ಪ ಅಡ್ಡಾದೆ. ಅಷ್ಟೇ ನೆನಪು.

ಒಂದು ದಿನ ತಡವಾಗಿದ್ದರೆ ಆ ಕೋಣೆಯಲ್ಲಿ ಬಾಣಂತಿ ಮತ್ತು ಕೂಸು ಇರುತ್ತಿದ್ದರು. ಅಲ್ಲಿಂದ ಮುಂದಿನ ಮೂರು ವರ್ಷದಲ್ಲಿ ದೇವರು ನನಗೆ ಮಾಡಿದ ದೊಡ್ಡ ಉಪಕಾರ ಅದೊಂದೇ.

ಎಚ್ಚರವಾದಾಗ ಕೊಲ್ಹಾಪುರದ ದೊಡ್ಡ ದವಾಖಾನೆಯಲ್ಲಿದ್ದೆ. ಕಣ್ಣು ತೆರೆದರೆ ಕತ್ತಲೆ. ನಮ್ಮ ಮನೆಯವರ ಕೆಮ್ಮು ಕೇಳಿತು. "ದೀಪ ಹಚ್ಚರಿ," ಅಂದೆ. "ಮಧ್ಯಾಹ್ನ ಐತಿ," ಅಂದರು.

ಮೂರು ದಿನ ಹಾಗೇ. ನಾಲ್ಕನೇ ದಿನ ಕಿಟಕಿ ಇದ್ದ ಕಡೆ ಬೆಳಕು ಕಂಡಿತು. ಬರೀ ಬೆಳಕು, ಅದು ಯಾವುದರ ಮೇಲೂ ಬಿದ್ದಿರಲಿಲ್ಲ. ಆಮೇಲೆ ಅಂಚುಗಳು ಬಂದವು. ಮಂಚದ ಕಂಬಿ, ಬಾಗಿಲು, ಮನುಷ್ಯರ ಆಕಾರ. ಚಮಚೆ ಎದುರಿಗಿದ್ದರೂ ಅದು ಚಮಚೆ ಎಂದು ಕೈಯಲ್ಲಿ ಹಿಡಿದ ಮೇಲೆಯೇ ಗೊತ್ತಾಗುತ್ತಿತ್ತು. ಒಂದು ವಾರಕ್ಕೆ ಮುಖಗಳು ಬಂದವು. ನಮ್ಮ ಮನೆಯವರ ಮುಖ ಬೂದಿಯಲ್ಲಿ ಮಾಡಿಟ್ಟಂತೆ ಕಂಡಿತು. ಅವರಿಗೇ ಏನೋ ರೋಗ ಬಂದಿದೆ ಎಂದು ಹೆದರಿದೆ. ನನ್ನ ಕೈ ನೋಡಿಕೊಂಡೆ. ಅದೂ ಬೂದಿ. ಕೈಯಲ್ಲಿದ್ದ ಹಸಿರು ಬಳೆ ಟಾರಿನ ಹಾಗೆ ಕಪ್ಪು.

"ನನ್ನ ಬಳಿ ಯಾರ ಬದಲಿಸಿದ್ರು?" ಅಂದೆ.

"ಯಾರೂ ಬದಲಿಸಿಲ್ಲ. ಅವ ಅದಾವು."

ಕಣ್ಣಿನ ವಿಭಾಗಕ್ಕೆ ಒಯ್ದರು. ಅಲ್ಲಿ ಉದ್ದನೆಯ ಬೆಂಚಿನ ಮೇಲೆ ಎರಡು ದಿನ ಕೂತೆವು. ಮೊದಲ ದಿನ ನಮ್ಮ ಪಾಳಿ ಬರುವುದರೊಳಗೆ ಡಾಕ್ಟರ್ ಎದ್ದು ಹೋದರು. ಪಕ್ಕದಲ್ಲಿ ದಾನೋಳಿಯ ಒಬ್ಬ ಮುದುಕ, ಒಂದು ಕಣ್ಣಿಗೆ ಪಟ್ಟಿ. ನನಗೆ ಏನಾಗಿದೆ ಎಂದು ಕೇಳಿಕೊಂಡ. ಕೇಳಿಕೊಂಡು ನಮ್ಮ ಮನೆಯವರಿಗೆ ಹೇಳಿದ:

"ಪುಣ್ಯಾ ಮಾಡೀಯಪಾ. ಇನ್ನ ಆ ಬಣ್ಣದ ಸೀರಿ ಬೇಕ, ಈ ಬಣ್ಣದ್ದ ಬೇಕ ಅಂತ ಕಾಡಂಗಿಲ್ಲ ನಿನ್ನ ಹೆಂಡತಿ."

"ನಿಮಗ ಒಂದ ಕಣ್ಣಾಗ ಇಷ್ಟ ಮಾತ ಐತಿ, ಎರಡೂ ಬಂದ ಮ್ಯಾಲ ಹೆಂಗ ಯಜ್ಜಾ?" ಅಂದೆ ನಾನು.

ಮುದುಕ ನಕ್ಕ. ನಮ್ಮ ಮನೆಯವರೂ ನಕ್ಕರು. ಅವರು ನಕ್ಕಿದ್ದು ಆ ಹದಿನೈದು ದಿನದಲ್ಲಿ ಅದೊಂದೇ ಸಲ. ಆ ಮುದುಕನ ಚೀಲದಲ್ಲಿ ಶೇಂಗಾ ಇತ್ತು. ಮೂರೂ ಜನ ತಿಂದೆವು. ಕಣ್ಣು ಮುಚ್ಚಿ ತಿಂದರೆ ಶೇಂಗಾ ಶೇಂಗಾದಂತೆಯೇ ಇತ್ತು. ಅಂದಿನಿಂದ ಎಷ್ಟೋ ವರ್ಷ ಕಣ್ಣು ಮುಚ್ಚಿಯೇ ಉಂಡಿದ್ದೇನೆ. ಬೇಳೆ ಸಾರು ಕೆಸರಿನಂತೆ ಕಂಡರೆ ಗಂಟಲಲ್ಲಿ ಇಳಿಯುವುದಿಲ್ಲ. ಜೋಳದ ರೊಟ್ಟಿ, ಮೊಸರು, ಇವೆರಡು ನನಗೆ ಮೋಸ ಮಾಡಲಿಲ್ಲ.

ಡಾಕ್ಟರ್ ಗಡಹಿಂಗ್ಲಜ ಕಡೆಯ ಹುಡುಗ. ಕನ್ನಡ ಬರುತ್ತಿತ್ತು. ಚುಕ್ಕಿ ಚುಕ್ಕಿಯ ಪುಸ್ತಕ ತೆರೆದು, ಇದರೊಳಗೆ ಅಂಕಿ ಇದೆ, ಓದಿ ಅಂದ. ಬರೀ ಚುಕ್ಕಿ ಇದ್ದವು. ಆಮೇಲೆ ಒಂದು ಹಿಡಿ ಉಲನ್ ದಾರದ ಲಡಿ ಮುಂದೆ ಹಾಕಿ ಕೆಂಪನ್ನೆಲ್ಲ ಒಂದು ಕಡೆ ಇಡಿ ಅಂದ. ನಾನು ಕಪ್ಪಾದವನ್ನು ಒಂದು ಕಡೆ, ತಿಳಿಯಾದವನ್ನು ಒಂದು ಕಡೆ ಇಟ್ಟೆ. ಅವನು ನೋಡಿ ಲಡಿಗಳನ್ನೆಲ್ಲ ಬಾಚಿ ಬದಿಗಿಟ್ಟ.

"ಕಣ್ಣ ಚಲೋ ಅದಾವ, ಅಕ್ಕಾರ," ಅಂದ. "ಕಣ್ಣ ತಮ್ಮ ಕೆಲಸ ಮಾಡಾಕತ್ತಾವ. ತಲಿ ಹಿಂದ ಒಂದ ಜಾಗಾ ಐತಿ, ಅಲ್ಲಿ ಬಣ್ಣ ಆಗತೈತಿ. ಆ ಕೋಕಿನ ವಿಷದ ಗಾಳಿಗೆ ಅದು ಸತ್ತೈತಿ."

"ಬಣ್ಣ ತಲ್ಯಾಗ ಆಗತೈತಿ? ಸೀರಿ ಮ್ಯಾಲ ಇರಂಗಿಲ್ಲ?"

"ಸೀರಿ ಮ್ಯಾಲ ಬೆಳಕ ಇರತೈತಿ. ಬಣ್ಣ ನೀವ ಮಾಡ್ಕೋತಿದ್ರಿ."

"ತಿರಗಿ ಬರತೈತೇನ?"

"ಬಂದ್ರ ಆರ ತಿಂಗಳದಾಗ ಬರಬೇಕ."

ಬರಲಿಲ್ಲ.

ಮನೆಗೆ ಬಂದ ದಿನ ನಮ್ಮ ಮನೆಯವರು, "ಮಂದಿಗೆ ಹೇಳಿಬಿಡೂಣು," ಅಂದರು. ನಾನು ಬೇಡ ಅಂದೆ. ಮಗಳು ಶಾಂತಾಗೆ ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರದವರ ಮನೆಯಿಂದ ಮಾತುಕತೆ ನಡೆದಿತ್ತು. ಕಣ್ಣು ಕಾಣುವುದಿಲ್ಲ ಅಂದರೆ ಮಂದಿ ಅಯ್ಯೋ ಅನ್ನುತ್ತಾರೆ. ಕಣ್ಣು ಕಾಣುತ್ತದೆ, ತಲೆಯಲ್ಲಿ ಬಣ್ಣದ ಜಾಗ ಸತ್ತಿದೆ ಅಂದರೆ ತಾಯಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಆ ಮನೆಯ ಮಗಳನ್ನು ಯಾರು ತೆಗೆದುಕೊಂಡಾರು?

"ಮತ್ತ ಕೂಸಿನ ಮೈ ಹೆಂಗ ನೋಡ್ತಿ?" ಅಂದರು.

"ಅದು ನನ್ನ ಕೆಲಸ. ನೀವ ಮಗ್ಗಾ ನೋಡ್ರಿ."

ಶಾಂತಾಗೂ ಹೇಳಲಿಲ್ಲ. ಹೊಗೆ ತಲೆಗೇರಿತ್ತು, ಇಳಿಯಿತು ಅಂದೆವು. ಕುಂಕುಮ, ಅರಿಶಿಣ ವಾಸನೆಯಿಂದ ತಿಳಿಯುತ್ತಿದ್ದೆ. ಟೊಮ್ಯಾಟೊ ಒತ್ತಿ ನೋಡಿ ತರುತ್ತಿದ್ದೆ. ಸೀರೆ ಯಾವುದು ಉಡಲಿ ಎಂದು ಕೇಳುವ ಮೊದಲೇ ನಮ್ಮ ಮನೆಯವರು ಒಂದನ್ನು ಗೂಟಕ್ಕೆ ಹಾಕಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಬಾಣಂತನದ ಮನೆಗಳಿಗೆ ಮಾತ್ರ ಒಂದು ನಿಯಮ ಮಾಡಿಕೊಂಡೆ. ಮೈಯಲ್ಲಿ ಶಕ್ತಿ ಇಲ್ಲ, ಎಂಟು ದಿನ ಆದ ಮೇಲೆ ಬರುತ್ತೇನೆ ಅಂದೆ. ಅಷ್ಟರಲ್ಲಿ ಕಾಮಣಿ ಬರುವುದಿದ್ದರೆ ಬಂದು, ಬೇರೆಯವರ ಕಣ್ಣಿಗೆ ಬಿದ್ದಿರುತ್ತದೆ. ಎರಡು ವರ್ಷ ಹಾಗೆ ನಡೆಸಿದೆ. ಯಾರಿಗೂ ಏನೂ ಆಗಲಿಲ್ಲ. ನಾನು ಬಹಳ ಶಾಣ್ಯಾಕಿ ಅಂದುಕೊಂಡಿದ್ದೆ.

ಶಾಂತಾಳ ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಇಚಲಕರಂಜಿಯ ದವಾಖಾನೆಯಿಂದ ಮೂರನೇ ದಿನ ಮನೆಗೆ ಬಂತು. ಎಂಟು ದಿನ ಆದ ಮೇಲೆ ಬರುತ್ತೇನೆ ಎಂದು ಸ್ವಂತ ಮಗಳಿಗೆ ಹೇಗೆ ಹೇಳುವುದು? ಓಣಿಯ ಹೆಂಗಸರೆಲ್ಲ ನಾನು ಮೊಮ್ಮಗನಿಗೆ ಎರೆಯುವುದನ್ನು ನೋಡಲು ಬಂದು ನಿಂತಿದ್ದರು. ಒಬ್ಬಾಕೆ ಬಟ್ಟಲಲ್ಲಿ ಹಾಲಿನ ಕೆನೆ, ಹಿಟ್ಟು, ಅರಿಶಿಣ ಕಲಸಿಯೇ ತಂದಿದ್ದಳು. ಏಳು ದಿನ ಅರಿಶಿಣ ಬೇಡ ಎಂಬುದು ನನ್ನದೇ ಮಾತು. ಅಂದು ಬಾಯಿಗೆ ಬರಲಿಲ್ಲ. ಬೇಡ ಅಂದರೆ, ಹಾಗಾದರೆ ಬೆಳಕಿಗೆ ಒಯ್ದು ಮೂಗು ಒತ್ತಿ ನೋಡು ಅನ್ನುತ್ತಾರೆ. ಹಚ್ಚಿ ತಿಕ್ಕಿದೆ.

ಐದನೇ ದಿನ ಶಾಂತಾ ಕರೆದಳು.

"ಅವ್ವಾ, ಕೂಸು ಭಾಳ ಹಳದಿ ಕಾಣಾಕತ್ತೈತಿ."

"ಅರಿಶಿಣ ಹಚ್ಚೇನಲ್ಲ, ಮತ್ತೇನ ಬೆಳ್ಳಗ ಕಾಣತೈತೇನ?"

"ಎರೆದ ಮ್ಯಾಲೂ ಹೋಗಿಲ್ಲ."

"ನಾಕ ದಿನಕ್ಕ ಹೋಗತೈತಿ. ನೀ ಎಷ್ಟ ಕೂಸಿಗೆ ಎರೆದೀ?"

ಅವಳು ಸುಮ್ಮನಾದಳು. ನನ್ನ ಮಾತಿನ ಮೇಲೆ ಇಚಲಕರಂಜಿಯ ಅರ್ಧ ಮನೆಗಳ ಹೆಣ್ಣುಮಕ್ಕಳು ಸುಮ್ಮನಾಗುತ್ತಿದ್ದರು. ಆದರೆ ಕೂಸು ನಿದ್ದೆಯಿಂದ ಏಳುತ್ತಿರಲಿಲ್ಲ. ಮೊಲೆ ಬಾಯಿಗಿಟ್ಟರೆ ಎರಡು ಸಲ ಚೀಪಿ ಬಿಡುತ್ತಿತ್ತು. ಕಾಲು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಬೀಳುತ್ತಿತ್ತು. ನನ್ನ ಕೈಗೆ ಗೊತ್ತಾಗಿತ್ತು. ಇದನ್ನು ಬರೆಯಲೇಬೇಕು. ಕಣ್ಣಿಗೆ ಕಾಣಲಿಲ್ಲ, ಕೈಗೆ ಗೊತ್ತಾಗಿತ್ತು.

ಸಂಜೆ ನಮ್ಮ ಮನೆಯವರು ಬಂದಾಗ, ಒಳಗೆ ಹೋಗಿ ಕೂಸಿನ ಬಣ್ಣ ನೋಡಿ ಬನ್ನಿ ಅಂದೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು, ಬಲ್ಬು ಉರಿಯುತ್ತಿತ್ತು. ನೋಡಿ ಬಂದರು.

"ಬಲ್ಬಿನ ಬೆಳಕಿನಾಗ ಶಾಂತಾನೂ ಹಳದಿ, ಗ್ವಾಡಿನೂ ಹಳದಿ. ನನಗೇನ ತಿಳೀತೈತಿ? ಮುಂಜಾನೆ ಹೊರಗ ತಂದ ನೋಡೂಣು."

ಬೆಳಿಗ್ಗೆ ನಾನು ಎಬ್ಬಿಸುವುದರೊಳಗೆ ಅವರಿಗೆ ಕಾರಖಾನೆಯಿಂದ ಕರೆ ಬಂತು. ಓಡಿದರು. ನಾನು ಪಕ್ಕದ ಮನೆಯವಳನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಸಂಜೆ ಅವರು ಬಂದಾಗ ಮತ್ತೆ ಬಲ್ಬು.

ಏಳನೇ ದಿನ ಗಡಹಿಂಗ್ಲಜದಿಂದ ಶಾಂತಾಳ ಅತ್ತೆ ಗಂಗವ್ವ ಬಂದರು. ಚೀಲ ಕೆಳಗಿಡದೆ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದರು. ಬಿಸಿಲಿಗೆ ಹಿಡಿದು ಕಣ್ಣಿನ ರೆಪ್ಪೆ ಬಿಡಿಸಿದರು.

"ಬೀಗತಿ, ಇದು ಅರಿಶಿಣ ಅಲ್ಲರಿ. ಕಣ್ಣಾಗ ಯಾರ ಅರಿಶಿಣ ಹಚ್ಚತಾರ? ನೋಡ್ರಿ ಇಲ್ಲೆ."

ಬಗ್ಗಿ ನೋಡಿದೆ. ಕಣ್ಣಿನ ಬಿಳಿಯ ಭಾಗ ಬೂದಿ, ಕೆನ್ನೆ ಬೂದಿ, ಅಂಗಳ ಬೂದಿ. "ಹೌದ್ರಿ," ಅಂದೆ.

ಬಾಡಿಗೆ ಮೋಟಾರಿನಲ್ಲಿ ಕೊಲ್ಹಾಪುರಕ್ಕೆ ಒಯ್ದೆವು. ಮೈಯ ರಕ್ತವನ್ನೆಲ್ಲ ಬದಲಿಸಿದರು. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿ, ದೀಪದ ಕೆಳಗೆ ಮಲಗಿಸಿದರು. ಶಾಂತಾ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. "ಎಷ್ಟ ನೀಲಿ ದೀಪ, ಅವ್ವಾ. ನಮ್ಮ ಕೃಷ್ಣ ಆಗ್ಯಾನ ನೋಡ," ಅಂದಳು. ಎರಡು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು. ನನಗೆ ಬರೀ ಬೆಳಕು ಕಂಡಿತು, ಅದರಲ್ಲಿ ಒಂದು ಸಣ್ಣ ಬೂದಿಯ ಕೂಸು. "ಹೂಂ, ನೀಲಿ," ಅಂದೆ.

ಕೂಸು ಬದುಕಿತು. ಬರಬೇಕಾದ್ದಕ್ಕಿಂತ ಎರಡು ದಿನ ತಡವಾಗಿ ಬಂದಿರಿ ಎಂದು ಡಾಕ್ಟರ್ ಅಂದರು. ಬದುಕಿದ ಸಂತೋಷದಲ್ಲಿ ಆ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ. ನಾನು ಎತ್ತಿಕೊಂಡೆ. ಅಂದಿನಿಂದ ಯಾರ ಕೂಸನ್ನೂ ಮುಟ್ಟಲಿಲ್ಲ. ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಒಂಬತ್ತು ತಿಂಗಳ ಮೇಲೆ ಗಂಗವ್ವ ಚೀಟಿ ಬರೆಸಿ ಕಳಿಸಿದರು: ತೊಟ್ಟಿಲ ಹತ್ತಿರ ತಾಮ್ರದ ಕೊಡ ಬಿತ್ತು, ಕೂಸು ತಿರುಗಿ ನೋಡಲಿಲ್ಲ, ಕೊಲ್ಹಾಪುರಕ್ಕೆ ಬನ್ನಿ. ಅದೇ ದವಾಖಾನೆ, ಬೇರೆ ಬೆಂಚು. ಡಾಕ್ಟರ್ ಕೂಸಿನ ಹಿಂದೆ ನಿಂತು ಗಂಟೆ ಬಾರಿಸಿದರು. ಕೂಸು ನನ್ನ ಬಳೆ ಹಿಡಿದು ಆಡುತ್ತಿತ್ತು. ಆಮೇಲೆ ಒಂದು ತಾಟನ್ನು ಬಡಿದರು. ಬೆಂಚಿನ ಮೇಲಿದ್ದವರೆಲ್ಲ ಬೆಚ್ಚಿದರು. ಕೂಸು ಬಳೆ ಬಿಡಲಿಲ್ಲ. ಕಾಮಣಿ ತಲೆಗೆ ಏರಿ, ಕೇಳುವ ಜಾಗಕ್ಕೆ ಪೆಟ್ಟಾಗಿದೆ ಅಂದರು. ಅವನು ಈಗ ಮೂವತ್ತು ದಾಟಿದ ಗಂಡಸು. ಗಡಹಿಂಗ್ಲಜದಲ್ಲಿ ಛಾಪಖಾನೆಯಲ್ಲಿದ್ದಾನೆ. ಬೇರೆಯವರಿಗೆ ಆ ಯಂತ್ರದ ಗದ್ದಲಕ್ಕೆ ತಲೆನೋವು ಬರುತ್ತದಂತೆ.

ಅಂದು ದವಾಖಾನೆಯಿಂದ ಹೊರಗೆ ಬಂದು ಗಂಗವ್ವ ಶಾಂತಾಳ ಎದುರು ನಿಂತರು.

"ಒಂಬತ್ತ ತಿಂಗಳ ಹೊತ್ತಾಕಿ ನೀನು. ಎರಡ ದಿನ ಮಗ್ಗಲದಾಗ ಮಲಗೇತಿ ಕೂಸು. ನಿನ್ನ ಕಣ್ಣ ಎಲ್ಲಿದ್ದವು?"

ಶಾಂತಾ ನನ್ನ ಕಡೆ ಒಂದು ಸಲ ನೋಡಿದಳು. ನಾನು ಬಾಯಿ ತೆರೆಯಲಿಲ್ಲ.

"ನನಗ ಕಾಣಲಿಲ್ರಿ, ಅತ್ತಿ," ಅಂದಳು.

"ಹಂಗಾರ ಕೂಸು ಇನ್ನ ನನ್ನ ಹಂತ್ಯಾಕ ಇರತೈತಿ. ನೀ ಮೆಣಸಿನಕಾಯಿ ತೊಟ್ಟ ಮುರಿ," ಅಂದು ಗಂಗವ್ವ ಕೂಸನ್ನು ಅವಳ ತೋಳಿನಿಂದ ಬಿಡಿಸಿಕೊಂಡರು. ಬಸ್ಸು ಹತ್ತುವಾಗಲೂ ಕೊಡಲಿಲ್ಲ. ಶಾಂತಾ ಎರಡು ಖಾಲಿ ಕೈ ಇಟ್ಟುಕೊಂಡು ಹಿಂದೆ ಹತ್ತಿದಳು.

ಅವಳಿಗೆ ಕಂಡಿತ್ತು. ಅವಳು ಹೇಳಿದ್ದಳು. ತಾಯಿಯ ಮೇಲೆ ಹಾಕಬಾರದೆಂದು ತನ್ನ ಮೇಲೆ ಹಾಕಿಕೊಂಡಳು. ನನಗೆ ಬಣ್ಣ ಕಾಣುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ತಾಯಿ ನೋಡಿಯೂ ಸುಮ್ಮನಿದ್ದಳು, ಆದರೂ ತಾಯಿಯನ್ನು ಬಿಟ್ಟುಕೊಡಲಿಲ್ಲ.

ಇಚಲಕರಂಜಿಗೆ ಬಂದು ನಮ್ಮ ಮನೆಯವರಿಗೆ ಆದದ್ದನ್ನು ಹೇಳಿ, ಗಂಗವ್ವನ ಮುಂದೆ ನಿಜ ಹೇಳಿ ಬರುತ್ತೇನೆ ಅಂದೆ. ಅವರು ಬೈಯಲಿಲ್ಲ. "ಒಬ್ಬಾಕೀನ ಹೋಗ್ತಿಯೇನು, ನಾನೂ ಬರ್ಲ್ಯಾ?" ಅಂದರು. ಒಬ್ಬಳೇ ಹೋಗುತ್ತೇನೆ ಅಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಗಂಗವ್ವನ ಅಂಗಳದ ತುಂಬ ಮೆಣಸಿನಕಾಯಿ ಹರವಿದ್ದರು. ಕಲ್ಲಿದ್ದಲು ಸುರಿದಂತೆ ಕಂಡಿತು. ಶಾಂತಾ ಅದರ ನಡುವೆ ಕೂತು ತೊಟ್ಟು ಮುರಿಯುತ್ತಿದ್ದಳು. ನಾನು ಕೂಡಲಿಲ್ಲ, ನೀರು ಕುಡಿಯಲಿಲ್ಲ. ನಿಂತೇ ಹೇಳಿದೆ.

"ನಿಮ್ಮ ಸೊಸಿಗೆ ಕಂಡಿತ್ತರಿ. ಐದನೇ ದಿನಾನ ಹೇಳಿದ್ಲು. ನಾನ ಅರಿಶಿಣ ಅಂದೆ. ನನಗ ಬಣ್ಣ ಕಾಣಂಗಿಲ್ಲ. ಮದವಿಗಿಂತ ಮೊದಲ ಹೋಗ್ಯಾವ. ನಿಮಗ ಹೇಳದ ಮಗಳನ್ನ ಕೊಟ್ಟೇನಿ."

ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮಗಳ ಸಂಸಾರ ಉಳಸಾಕ ತಾಯಂದಿರು ಏನ ಬೇಕಾದ್ದ ಹೇಳ್ತಾರ, ಬೀಗತಿ."

"ಹೌದ್ರಿ. ಮದವಿ ಮುಂದ ಹೇಳಿದ್ದ ಅಂಥಾದ್ದ. ಇದು ಖರೆ."

ಅವರು ಒಳಗೆ ಹೋಗಿ ಟ್ರಂಕಿನಿಂದ ಎರಡು ಖಣ ತಂದರು. ಉಡಿ ತುಂಬುವ ಕುಪ್ಪಸದ ಖಣ. ಕಟ್ಟೆಯ ಮೇಲೆ ಎರಡನ್ನೂ ಹರವಿದರು.

"ಇದರಾಗ ಹಸರ ಖಣ ಯಾವುದು, ಅದನ್ನ ತಗೊಂಡ ನಿಮ್ಮ ಮಗಳಿಗೆ ಕೊಡ್ರಿ."

ನೋಡಿದೆ. ಎರಡೂ ಒಂದೇ. ಎರಡೂ ಮಳೆಯ ಮೋಡದಂತೆ ಬೂದಿ. ಹತ್ತಿರದ್ದನ್ನು ಎತ್ತಿ ಶಾಂತಾಳ ಮುಂದೆ ಹಿಡಿದೆ. ಶಾಂತಾ ಖಣ ನೋಡಿದಳು, ಅತ್ತೆಯನ್ನು ನೋಡಿದಳು, ಕೈ ಚಾಚಲಿಲ್ಲ. ಗಂಗವ್ವ ಖಣದ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

"ಎರಡೂ ಕೆಂಪ ಅದಾವರಿ," ಅಂದರು.

ಒಳಗೆ ಹೋದರು. ತೊಟ್ಟಿಲಿನಿಂದ ಕೂಸನ್ನು ಎತ್ತಿ ತಂದು, ಶಾಂತಾಳ ತೊಡೆಯ ಮೇಲೆ ಹಾಕಿ, ಅವಳ ಮುಂದಿನ ಮೆಣಸಿನಕಾಯಿಯ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಶಾಂತಾ ಖಾರ ಹತ್ತಿದ ಕೈಯನ್ನು ಕೂಸಿಗೆ ತಾಗಿಸದೆ ಮೇಲೆ ಹಿಡಿದು, ಮೊಣಕೈಯಿಂದಲೇ ಅದನ್ನು ಎದೆಗೆ ಒತ್ತಿಕೊಂಡಳು. ನನ್ನ ಕಡೆ ನೋಡಲಿಲ್ಲ. ನಾನು ಕೊಡದಿಂದ ತಂಬಿಗೆಯಲ್ಲಿ ನೀರು ಮೊಗೆದು ಅವಳ ಕೈಗೆ ಹೊಯ್ದೆ. ಅವಳು ತೊಳೆದುಕೊಂಡಳು. ತಂಬಿಗೆ ಕೆಳಗಿಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆದೆ.